ನಾಲ್ಕು ಇಂಚು ಎತ್ತರದ ಲೆಕ್ಕ

ಹಾಸನದಿಂದ ಸಾಲಗಾಮೆ ಕಡೆಗೆ ಹೋಗುವ ರಸ್ತೆಯಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜನ್ನು ದಾಟಿ ಸ್ವಲ್ಪ ದೂರ ಸಾಗಿದರೆ ಪಟ್ಟಣದ ಗದ್ದಲ ಕಡಿಮೆಯಾಗಿ ಹೊಲಗಳು ಶುರುವಾಗುತ್ತವೆ. ಆಲೂಗೆಡ್ಡೆ ಕೀಳುವ ಕಾಲ, ಶುಂಠಿ ತೊಳೆಯುವ ಕಾಲ, ಮುಸುಕಿನ ಜೋಳ ಒಕ್ಕುವ ಕಾಲ, ಹೀಗೆ ಯಾವ ಸುಗ್ಗಿ ಬಂದರೂ ಈ ರಸ್ತೆಯ ಮೇಲೆ ಮೂಟೆ ಹೊತ್ತ ಪಿಕಪ್ ವಾಹನಗಳ ಸಾಲು ತಪ್ಪುವುದಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯೂ ಇದೇ ನೋಟ. ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಪಿಕಪ್ ಮಾಡುತ್ತಿದೆ.

ಈ ವಾಹನಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಖಾಲಿ ಬರುವಾಗ ಕೆಲವು ಪಿಕಪ್‌ಗಳ ಹಿಂಭಾಗ ಮಿಡತೆಯ ಹಾಗೆ ಮೇಲಕ್ಕೆದ್ದಿರುತ್ತದೆ. ಅವುಗಳ ಹಿಂದಿನ ಕಮಾನಿಗೆ ಹೆಚ್ಚುವರಿ ಪಟ್ಟಿ ಬಿದ್ದಿದೆ ಎಂದು ಬಲ್ಲವರು ನೋಡಿದ ಕೂಡಲೇ ಹೇಳುತ್ತಾರೆ. ಇನ್ನು ಕೆಲವು ವಾಹನಗಳು ನಾಲ್ಕೂ ಚಕ್ರಗಳ ಮೇಲೆ ಎತ್ತರಕ್ಕೆ ನಿಂತು, ದಪ್ಪ ಟೈರು ಹಾಕಿಕೊಂಡು ಠೀವಿಯಿಂದ ಸಾಗುತ್ತವೆ. ಇವುಗಳಿಗೆ ಹಾಕಿರುವುದು ‘ಲಿಫ್ಟ್ ಕಿಟ್’. ಒಂದು ಹೊರೆಗಾಗಿ, ಇನ್ನೊಂದು ಷೋಕಿಗಾಗಿ. ಎರಡೂ ಮಾಡುವ ಕೆಲಸ ಮಾತ್ರ ಒಂದೇ: ವಾಹನವನ್ನು ನೆಲದಿಂದ ಮೇಲಕ್ಕೆ ಎತ್ತುವುದು.

‘ಅಪ್ಪಾ, ನಮ್ಮ ಗಾಡಿಗೂ ಎತ್ತರ ಮಾಡ್ಸೋಣ’ ಎಂದು ಮಗ ಕೇಳುವುದು, ‘ಅದಕ್ಕೆಷ್ಟು ಖರ್ಚಾಗ್ತದೆ?’ ಎಂದು ಅಪ್ಪ ಮರುಪ್ರಶ್ನೆ ಹಾಕುವುದು ಈಗ ಹಲವು ಮನೆಗಳ ಮಾತು. ಹಣದ ಲೆಕ್ಕವನ್ನು ವರ್ಕ್‌ಷಾಪಿನವರು ಕೊಟ್ಟುಬಿಡುತ್ತಾರೆ. ಅವರು ಕೊಡದ ಇನ್ನೊಂದು ಲೆಕ್ಕವಿದೆ. ಅದನ್ನು ಮಾಡಲು ಪ್ರೌಢಶಾಲೆಯ ಭೌತಶಾಸ್ತ್ರ ಸಾಕು.

ಕಮಾನು ಹೇಳುವ ಪಾಠ

ಮೈಸೂರಿನ ಜಟಕಾ ಗಾಡಿಯ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ನೋಡಿದವರಿಗೆ ಪಿಕಪ್ಪಿನ ಹಿಂದಿನ ಕಮಾನು ಹೊಸದಲ್ಲ. ಉದ್ದದ ಪಟ್ಟಿಯೊಂದು, ಅದರ ಕೆಳಗೆ ಕ್ರಮವಾಗಿ ಗಿಡ್ಡವಾಗುತ್ತ ಹೋಗುವ ಪಟ್ಟಿಗಳು. ಇವನ್ನೆಲ್ಲ ನಡುವೆ ಒಂದು ಸೆಂಟರ್ ಬೋಲ್ಟಿನಿಂದ ಪೋಣಿಸಿ, ಯೂ ಆಕಾರದ ಬೋಲ್ಟುಗಳಿಂದ ಆಕ್ಸಲ್ಲಿಗೆ ಬಿಗಿದಿರುತ್ತಾರೆ. ಉದ್ದ ಪಟ್ಟಿಯ ಒಂದು ತುದಿ ಛಾಸಿಗೆ ನೇರವಾಗಿ ಸೇರಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕ ಸೇರಿರುತ್ತದೆ. ಹೊರೆ ಬಿದ್ದಾಗ ಬಾಗಿದ ಪಟ್ಟಿ ನೇರವಾಗಿ ಉದ್ದವಾಗುತ್ತದೆ. ಹಾಗೆ ಉದ್ದವಾಗಲು ಜಾಗ ಕೊಡುವುದೇ ಆ ಕೊಂಡಿಯ ಕೆಲಸ.

ಸ್ಪ್ರಿಂಗು ಎಷ್ಟು ಹೊರೆಗೆ ಎಷ್ಟು ಬಗ್ಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿಹಾಕಿದ ಒಗಟಿನ ರೂಪದಲ್ಲಿ ಪ್ರಕಟಿಸಿದ. 1678ರಲ್ಲಿ ಅದನ್ನು ಬಿಡಿಸಿ ಹೇಳಿದ. ಹೊರೆ ಎರಡರಷ್ಟಾದರೆ ತಗ್ಗುವುದೂ ಎರಡರಷ್ಟು, ಇದೇ ಅದರ ಸಾರ. ಪಿಕಪ್ಪಿನ ಕಮಾನೂ ಹೆಚ್ಚುಕಡಿಮೆ ಇದೇ ನಿಯಮಕ್ಕೆ ತಲೆಬಾಗುತ್ತದೆ.

ಐದು ಸಮನಾದ ಪಟ್ಟಿಗಳಿರುವ ಕಮಾನಿಗೆ ಅಂಥದೇ ಆರನೆಯದನ್ನು ಸೇರಿಸಿದರೆ ಅದರ ಬಿಗಿತ ಸುಮಾರು ಐದನೇ ಒಂದು ಭಾಗ ಹೆಚ್ಚುತ್ತದೆ. ಪಟ್ಟಿಯನ್ನು ದಪ್ಪ ಮಾಡಿದರಂತೂ ಕಥೆಯೇ ಬೇರೆ. ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿಲಿಮೀಟರಿನ ಜಾಗದಲ್ಲಿ 7 ಮಿಲಿಮೀಟರಿನ ಪಟ್ಟಿ ಹಾಕಿದರೆ ದಪ್ಪ ಹೆಚ್ಚಿದ್ದು ಒಂದೇ ಮಿಲಿಮೀಟರು, ಬಿಗಿತ ಹೆಚ್ಚಿದ್ದು ಸುಮಾರು ಶೇ 59. ವಿದ್ಯಾರ್ಥಿಗಳು ಏಳರ ಘನವನ್ನು ಆರರ ಘನದಿಂದ ಭಾಗಿಸಿ ನೋಡಬಹುದು.

ಬಿಗಿತ ಹೆಚ್ಚಿದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಹೊರೆ ಇದ್ದಾಗ ಸರಿ. ಖಾಲಿ ಇದ್ದಾಗ? ವಾಹನ ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತುಯ್ಯುತ್ತದೆ ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ. ತನ್ನ ಮೇಲಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ತಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. 25 ಸೆಂಟಿಮೀಟರ್ ತಗ್ಗಿದ್ದರೆ ಸೆಕೆಂಡಿಗೆ ಒಂದು ತುಯ್ತ. ಮನುಷ್ಯ ನಡೆಯುವ ಲಯಕ್ಕೆ ಹತ್ತಿರವಾದ ಇದು ಮೈಗೆ ಹಿತ. 4 ಸೆಂಟಿಮೀಟರ್ ಮಾತ್ರ ತಗ್ಗಿದ್ದರೆ ಸೆಕೆಂಡಿಗೆ ಎರಡೂವರೆ ತುಯ್ತ. ಖಾಲಿ ಪಿಕಪ್ ಹಳ್ಳದಲ್ಲಿ ಎಗರುವುದು ಇದಕ್ಕೇ. ಇದರ ಮೇಲೆ ಇನ್ನೊಂದು ಪಟ್ಟಿ ಬಿದ್ದರೆ ಎಗರಾಟ ಇನ್ನೂ ಚುರುಕಾಗುತ್ತದೆ. ಚಾಲಕನ ಸೊಂಟಕ್ಕೆ ಪೆಟ್ಟು ಬೀಳುವುದಿರಲಿ, ಎಗರಿದ ಚಕ್ರ ಆ ಕ್ಷಣದಲ್ಲಿ ನೆಲವನ್ನು ಸರಿಯಾಗಿ ಒತ್ತುವುದಿಲ್ಲ. ನೆಲ ಒತ್ತದ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವಿನ ಹಿಡಿತವೂ ಇಲ್ಲ.

ಎತ್ತುವುದು ಹೇಗೆ?

ಪಿಕಪ್ಪನ್ನು ಎತ್ತುವ ದಾರಿಗಳು ಹಲವು. ಕಮಾನಿಗೆ ಪಟ್ಟಿ ಸೇರಿಸುವುದು ಒಂದು. ಕಮಾನಿಗೂ ಆಕ್ಸಲ್ಲಿಗೂ ನಡುವೆ ಲೋಹದ ದಿಮ್ಮಿ ಇಟ್ಟು ಉದ್ದನೆಯ ಯೂ ಬೋಲ್ಟು ಹಾಕುವುದು ಇನ್ನೊಂದು. ಶ್ಯಾಕಲನ್ನು ಉದ್ದ ಮಾಡುವುದು ಮೂರನೆಯದು. ಮುಂದೆ ಸುರುಳಿ ಸ್ಪ್ರಿಂಗ್ ಇದ್ದರೆ ಅದರ ತಲೆಯ ಮೇಲೆ ಬಿಲ್ಲೆ ಇಡುತ್ತಾರೆ, ಇಲ್ಲವೇ ಇಡೀ ಸ್ಪ್ರಿಂಗನ್ನೇ ಬದಲಿಸುತ್ತಾರೆ. ಆಸ್ಟ್ರೇಲಿಯಾ, ಥಾಯ್ಲೆಂಡ್, ಅಮೆರಿಕಗಳಲ್ಲಿ ಇದೊಂದು ದೊಡ್ಡ ಹವ್ಯಾಸ. ನಮ್ಮಲ್ಲೂ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಹೈಲಕ್ಸ್ 2022ರಲ್ಲಿ ಹೊರಬಂತು. ಅದಕ್ಕೂ ಮೊದಲೇ ಇಸುಜು ಬಂದಿತ್ತು. ಇಂಥ ದುಬಾರಿ ಪಿಕಪ್‌ಗಳ ಜೊತೆಗೆ ಲಿಫ್ಟ್ ಕಿಟ್ಟಿನ ಆಸೆಯೂ ಹಳ್ಳಿಯ ತನಕ ಇಳಿದಿದೆ.

ಚೊಕ್ಕವಾಗಿ ಕೆಲಸ ಮಾಡುವ ಮೇಸ್ತ್ರಿ ಏನೇನು ಮಾಡುತ್ತಾನೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಮೊದಲು ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಎತ್ತದಿರುವ ಚಕ್ರಗಳಿಗೆ ಅಡ್ಡಗಟ್ಟೆ ಕೊಡುತ್ತಾನೆ. ಜಾಕಿಯಿಂದ ಎತ್ತಿದ ಮೇಲೆ ಛಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡುತ್ತಾನೆ. ಬರೀ ಜಾಕಿಯ ಮೇಲೆ ನಿಂತ ವಾಹನದ ಅಡಿಗೆ ಯಾರೂ ನುಸುಳಬಾರದು. ಇದು ಮೆಕ್ಯಾನಿಕ್ ಕಲಿಯುವ ಹುಡುಗರು ಮೊದಲ ದಿನವೇ ಕಲಿಯಬೇಕಾದ ಪಾಠ. ಆಮೇಲೆ ಶಾಕ್ ಅಬ್ಸಾರ್ಬರ್ ಬಿಚ್ಚಿ, ಆಕ್ಸಲ್ಲಿಗೆ ಆಸರೆ ಕೊಟ್ಟು, ಯೂ ಬೋಲ್ಟುಗಳನ್ನು ತೆಗೆಯುತ್ತಾನೆ. ಒಮ್ಮೆ ಬಿಗಿದು ಎಳೆದ ಯೂ ಬೋಲ್ಟನ್ನು ಮತ್ತೆ ಬಳಸುವುದಿಲ್ಲ, ಹೊಸದನ್ನೇ ಹಾಕುತ್ತಾನೆ. ಟಾರ್ಕ್ ರೆಂಚಿನಿಂದ ನಿಗದಿತ ಬಲಕ್ಕೆ ಬಿಗಿದು, ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಬಿಗಿಯಲು ಕರೆಯುತ್ತಾನೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಚಕ್ರ ಪೂರ್ತಿ ಜೋತಾಗ ಬ್ರೇಕಿನ ರಬ್ಬರ್ ಕೊಳವೆ ಬಿಗಿಯಾಗಿ ಎಳೆಯುತ್ತದೆಯೇ? ಹಳೆಯ ಶಾಕ್ ಅಬ್ಸಾರ್ಬರಿಗೆ ಹೊಸ ಎತ್ತರ ನಿಲುಕುತ್ತದೆಯೇ? ಮುಂದಿನ ಚಕ್ರಗಳ ಅಲೈನ್‌ಮೆಂಟ್ ಸರಿಯಿದೆಯೇ? ಇವನ್ನೆಲ್ಲ ನೋಡದೆ ಗಾಡಿ ಬಿಟ್ಟುಕೊಟ್ಟರೆ ಅರ್ಧ ಕೆಲಸ ಮಾಡಿದಂತೆ.

ಬೆಂಕಿಪೊಟ್ಟಣದ ಪ್ರಯೋಗ

ಈಗ ಮುಖ್ಯ ಪ್ರಶ್ನೆ. ನಾಲ್ಕು ಇಂಚು, ಅಂದರೆ ಸುಮಾರು 10 ಸೆಂಟಿಮೀಟರ್ ಎತ್ತರಿಸಿದರೆ ಏನಾಗುತ್ತದೆ?

ಒಂದು ತುಂಬಿದ ಬೆಂಕಿಪೊಟ್ಟಣವನ್ನು ಒರಟಾದ ಹಲಗೆಯ ಮೇಲೆ ಮಲಗಿಸಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಪೊಟ್ಟಣ ಜಾರುತ್ತದೆ. ಅದೇ ಪೊಟ್ಟಣವನ್ನು ಉದ್ದಕ್ಕೆ, ಅದರ ಕಿರಿದಾದ ತುದಿಯ ಮೇಲೆ ನಿಲ್ಲಿಸಿ ಮತ್ತೆ ಎತ್ತಿ. ಈ ಬಾರಿ ಜಾರುವ ಮೊದಲೇ ಉರುಳುತ್ತದೆ. ಪೊಟ್ಟಣದ ತೂಕ ಬದಲಾಗಲಿಲ್ಲ, ಹಲಗೆ ಬದಲಾಗಲಿಲ್ಲ. ಬದಲಾದದ್ದು ಎರಡೇ: ಗುರುತ್ವ ಕೇಂದ್ರದ ಎತ್ತರ ಮತ್ತು ತಳದ ಅಗಲ.

ರಸ್ತೆಯ ತಿರುವಿನಲ್ಲಿ ಪಿಕಪ್ಪಿಗೂ ಇದೇ ಆಗುವುದು. ಎಡಚಕ್ರದಿಂದ ಬಲಚಕ್ರಕ್ಕಿರುವ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಅಂಕಕ್ಕಿಂತ ದೊಡ್ಡದಾಗಿದ್ದರೆ ವಾಹನ ಮೊದಲು ಜಾರುತ್ತದೆ. ಚಿಕ್ಕದಾಗಿದ್ದರೆ ಮೊದಲು ಉರುಳುತ್ತದೆ.

ಉದಾಹರಣೆಗೆ ಚಕ್ರಗಳ ಅಂತರ 145 ಸೆಂಟಿಮೀಟರ್ ಇರುವ ಪಿಕಪ್ಪೊಂದನ್ನು ತೆಗೆದುಕೊಳ್ಳೋಣ. ಮೂಟೆ ತುಂಬಿದಾಗ ಅದರ ಗುರುತ್ವ ಕೇಂದ್ರ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. 72.5ನ್ನು 90ರಿಂದ ಭಾಗಿಸಿದರೆ 0.81. ರಸ್ತೆಯ ಘರ್ಷಣೆಯ ಅಂಕ 0.75 ಎಂದಿಟ್ಟುಕೊಂಡರೆ ವಾಹನ ಜಾರುವುದೇ ಹೊರತು ಉರುಳುವುದಿಲ್ಲ. ಈಗ ನಾಲ್ಕು ಇಂಚು ಎತ್ತರಿಸಿ. ಗುರುತ್ವ ಕೇಂದ್ರ 100 ಸೆಂಟಿಮೀಟರಿಗೆ ಏರಿತು. ಸಂಖ್ಯೆ 0.73ಕ್ಕಿಂತ ಕೊಂಚ ಕೆಳಗಿಳಿಯಿತು. ಅದೇ ಚಾಲಕ, ಅದೇ ತಿರುವು, ಅದೇ ಮೂಟೆ. ಜಾರಬೇಕಿದ್ದ ವಾಹನ ಈಗ ಉರುಳುವ ಗುಂಪಿಗೆ ಸೇರಿತು.

30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಲೆಕ್ಕ ಹಾಕಿದರೆ ಉರುಳುವ ವೇಗ ಗಂಟೆಗೆ ಸುಮಾರು 55 ಕಿಲೋಮೀಟರಿನಿಂದ 53ಕ್ಕೆ ಇಳಿದಿರುತ್ತದೆ. ‘ಅಷ್ಟೇನಾ?’ ಎನ್ನಿಸಬಹುದು. ಆದರೆ ಇದು ಕಾಗದದ ಲೆಕ್ಕ. ನಿಜವಾದ ರಸ್ತೆಯಲ್ಲಿ ವಾಹನ ಸ್ಪ್ರಿಂಗುಗಳ ಮೇಲೆ ಹೊರಕ್ಕೆ ವಾಲುತ್ತದೆ, ಮೂಟೆ ಸರಿಯುತ್ತದೆ, ರಸ್ತೆಯ ಅಂಚು ಕುಸಿದಿರುತ್ತದೆ, ಎದುರಿಗೆ ಹಸು ಬಂದರೆ ಚಾಲಕ ಸ್ಟೇರಿಂಗನ್ನು ಒಮ್ಮೆಲೇ ತಿರುಗಿಸುತ್ತಾನೆ. ಒಂದೊಂದೂ ಆ ಅಂಕಿಯನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಜಾರುವ ವಾಹನವನ್ನು ಒಮ್ಮೊಮ್ಮೆ ಹತೋಟಿಗೆ ತರಬಹುದು. ಉರುಳತೊಡಗಿದ ವಾಹನವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ.

ಹೆಸರಾಂತ ಕಂಪನಿಗಳೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತಿವೆ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್ ಕಂಪನಿಯ ಹೊಸ ‘ಎ’ ಕ್ಲಾಸ್ ಕಾರನ್ನು ಪರೀಕ್ಷಿಸಿತು. ರಸ್ತೆಗೆ ದೊಡ್ಡ ಕಡವೆ ಅಡ್ಡ ಬಂದಾಗ ತಪ್ಪಿಸುವಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುವ ಪರೀಕ್ಷೆ ಅದು. ಎತ್ತರದ ಆ ಪುಟ್ಟ ಕಾರು ಮಗುಚಿಬಿತ್ತು. ಕಂಪನಿ ಕಾರಿನ ಸಸ್ಪೆನ್ಷನ್ ತಿದ್ದಿ, ಸ್ಥಿರತೆ ಕಾಪಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಎಲ್ಲ ಕಾರುಗಳಿಗೂ ಅಳವಡಿಸಬೇಕಾಯಿತು. ಹಿಂದೆ ನಿಂತು ಹೋಗುವ ಕೂಲಿಯವರನ್ನು ತುಂಬಿಕೊಂಡ ನಮ್ಮ ಪಿಕಪ್ಪಿನಲ್ಲಿ ಅಂಥ ವ್ಯವಸ್ಥೆಯನ್ನು ನಿರೀಕ್ಷಿಸಲಾದೀತೇ? ನಿಂತ ಮನುಷ್ಯನ ಗುರುತ್ವ ಕೇಂದ್ರ ಅವನ ಹೊಕ್ಕುಳ ಹತ್ತಿರವಿರುತ್ತದೆ. ಹತ್ತು ಮಂದಿ ನಿಂತರೆ ವಾಹನದ ಗುರುತ್ವ ಕೇಂದ್ರ ಎಲ್ಲಿಗೇರುತ್ತದೆ ಎಂದು ಊಹಿಸಿಕೊಳ್ಳಿ.

ಕಣ್ಣಿಗೆ ಕಾಣದ ಮೂರು ತೊಡಕು

ಮೊದಲನೆಯದು ಬ್ರೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಛಾಸಿಗೂ ನಡುವೆ ಒಂದು ಸರಳು ಮತ್ತು ಕವಾಟ ಇರುತ್ತವೆ. ಹೊರೆ ಬಿದ್ದು ಛಾಸಿ ತಗ್ಗಿದಾಗ ಕವಾಟ ತೆರೆದು ಹಿಂದಿನ ಬ್ರೇಕುಗಳಿಗೆ ಹೆಚ್ಚು ಒತ್ತಡ ಕೊಡುತ್ತದೆ. ಖಾಲಿಯಿದ್ದು ಛಾಸಿ ಮೇಲಿದ್ದಾಗ, ಹಿಂದಿನ ಚಕ್ರ ಕಚ್ಚಿಕೊಂಡು ಜಾರದಿರಲಿ ಎಂದು ಒತ್ತಡ ಕಡಿಮೆ ಮಾಡುತ್ತದೆ. ಪಟ್ಟಿ ಸೇರಿಸಿ ಹಿಂಭಾಗವನ್ನು ಎತ್ತಿದರೆ, ಗಾಡಿ ತುಂಬಿದ್ದರೂ ಕವಾಟದ ಪಾಲಿಗೆ ಅದು ಖಾಲಿ ಗಾಡಿಯೇ. ಹೊರೆ ಹೆಚ್ಚಿಸಲೆಂದು ಮಾಡಿದ ಕೆಲಸ ಹಿಂದಿನ ಬ್ರೇಕನ್ನೇ ದುರ್ಬಲ ಮಾಡಿತು. ಲಿಫ್ಟ್ ಮಾಡಿದ ಮೇಲೆ ಈ ಸರಳನ್ನು ಮರುಹೊಂದಿಸಲೇಬೇಕು. ಎಷ್ಟು ಮಂದಿ ಕೇಳಿ ಮಾಡಿಸುತ್ತಾರೆ?

ಎರಡನೆಯದು ದೀಪ. ಮುಂಭಾಗ ಹಿಂಭಾಗಕ್ಕಿಂತ 10 ಸೆಂಟಿಮೀಟರ್ ಮೇಲೆದ್ದರೆ, ಮುಂದಿನ ಹಿಂದಿನ ಚಕ್ರಗಳ ಅಂತರ 3 ಮೀಟರ್ ಇರುವ ವಾಹನದಲ್ಲಿ ಬೆಳಕಿನ ಕಿರಣ ಪ್ರತಿ 3 ಮೀಟರಿಗೆ 10 ಸೆಂಟಿಮೀಟರ್ ಏರುತ್ತ ಹೋಗುತ್ತದೆ. 30 ಮೀಟರ್ ದೂರದಲ್ಲಿ ಅದು ಒಂದು ಮೀಟರ್ ಮೇಲಿರುತ್ತದೆ. ಎದುರಿನಿಂದ ಬರುವ ಬೈಕ್ ಸವಾರನ ಕಣ್ಣು ಇರುವುದು ಅಲ್ಲಿಯೇ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಮುಂಭಾಗ ಎತ್ತಿ ಹಿಂಭಾಗ ತಗ್ಗಿಸುವ ಷೋಕಿ ಹಬ್ಬಿ, 2021ರಲ್ಲಿ ಅದನ್ನು ಕಾನೂನು ಮಾಡಿಯೇ ನಿಷೇಧಿಸಬೇಕಾಯಿತು.

ಮೂರನೆಯದು ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ದಂಡ. ಅದರ ತುದಿಯ ‘ಕ್ರಾಸ್’ ಜಾಯಿಂಟಿಗೆ ಹುಕ್‌ನ ಜಾಯಿಂಟು ಎಂಬ ಹೆಸರೂ ಉಂಟು. ಸ್ಪ್ರಿಂಗಿನ ನಿಯಮ ಕೊಟ್ಟ ಅದೇ ಹುಕ್. ಈ ಜಾಯಿಂಟಿಗೆ ಒಂದು ಚಾಳಿಯಿದೆ. ಓರೆಯಾಗಿ ತಿರುಗುವಾಗ ಅದು ಸಮವೇಗದಲ್ಲಿ ತಿರುಗುವುದಿಲ್ಲ. 10 ಡಿಗ್ರಿ ಓರೆಯಲ್ಲಿ ವೇಗ ಶೇ ಒಂದೂವರೆಯಷ್ಟು ಮೇಲೆ ಕೆಳಗೆ ಆಡುತ್ತದೆ. 20 ಡಿಗ್ರಿಯಾದರೆ ಶೇ 6ರಷ್ಟು. ಓರೆ ಎರಡರಷ್ಟಾದರೆ ಕಂಪನ ನಾಲ್ಕರಷ್ಟು. ಎತ್ತರಿಸಿದ ಪಿಕಪ್ಪಿನಲ್ಲಿ ಕೇಳುವ ಗುಂಯ್‌ಗುಟ್ಟುವ ಸದ್ದು, ಬೇಗ ಸವೆಯುವ ಕ್ರಾಸು, ಎರಡರ ಮೂಲವೂ ಬಹುಪಾಲು ಇಲ್ಲಿದೆ.

ಹೊರೆಯ ಭ್ರಮೆ

ಪಟ್ಟಿ ಹೆಚ್ಚಿಸಿದರೆ ಹೊರೆ ಹೊರುವ ಶಕ್ತಿ ಹೆಚ್ಚುತ್ತದೆ ಎಂಬುದು ವ್ಯಾಪಕವಾಗಿರುವ ನಂಬಿಕೆ. ಹೆಚ್ಚುವುದು ಕಮಾನಿನ ಶಕ್ತಿ ಮಾತ್ರ. ಆಕ್ಸಲ್ ಅದೇ, ಬೇರಿಂಗ್ ಅದೇ, ಟೈರ್ ಅದೇ, ಬ್ರೇಕ್ ಅದೇ. ಮೊದಲು ಗಾಡಿ ಕುಗ್ಗಿ ‘ಸಾಕು’ ಎಂದು ಹೇಳುತ್ತಿತ್ತು. ಈಗ ಆ ಬಾಯಿಯನ್ನು ಕಟ್ಟಿದಂತಾಯಿತು. ಹೊರೆ ಸೇರಿ 3 ಟನ್ ಇರಬೇಕಾದ ವಾಹನ 4 ಟನ್ ಆದರೆ, ಅದೇ ವೇಗದಲ್ಲಿ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಮೂರನೇ ಒಂದು ಭಾಗ ಹೆಚ್ಚಾಯಿತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಗಾಡಿಗೆ ಇದು ಸಣ್ಣ ಮಾತಲ್ಲ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮಿತಿಮೀರಿದ ಹೊರೆಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಪರಿಹಾರ ಕೇಳುವ ದಿನ ತಕರಾರಿಗೆ ದಾರಿ ಮಾಡಿಕೊಡುತ್ತದೆ.

ಪಾಲಕರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಬಾಡಿಗೆಗೆ ಓಡುವ ಸರಕು ವಾಹನವನ್ನು 20 ವರ್ಷ ತುಂಬದವರು ರಸ್ತೆಯಲ್ಲಿ ಓಡಿಸುವಂತಿಲ್ಲ. 18 ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ‘ತೋಟದವರೆಗೆ ತಾನೇ, ಹೋಗಿ ಬಾ’ ಎಂದು ಕೀಲಿಕೈ ಕೊಡುವ ಮುನ್ನ ಯೋಚಿಸುವುದು ಲೇಸು.

ಹಾಗಾದರೆ ದಾರಿ?

ಎಷ್ಟೋ ಸಲ ಗಾಡಿಗೆ ಬೇಕಾಗಿರುವುದು ಹೊಸ ಎತ್ತರವಲ್ಲ, ಕಳೆದುಕೊಂಡ ಹಳೆಯ ಎತ್ತರ. ವರ್ಷಗಟ್ಟಲೆ ಹೊರೆ ಹೊತ್ತ ಕಮಾನು ದಣಿದು ತಗ್ಗಿರುತ್ತದೆ. ಬುಷ್ ಸವೆದಿರುತ್ತದೆ, ಪಟ್ಟಿಯೊಂದು ಮುರಿದಿರುತ್ತದೆ. ಕಂಪನಿ ಹೇಳಿದ ಅಳತೆಯ ಪಟ್ಟಿ, ಬುಷ್, ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಗಾಡಿ ತನ್ನ ಮೂಲ ನಿಲುವಿಗೆ ಬರುತ್ತದೆ. ಇದು ರಿಪೇರಿ, ಇದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಮೂಟೆಗಳನ್ನು ಮುಂದಕ್ಕೆ, ತಳಮಟ್ಟಕ್ಕೆ ಸರಿಯಾಗಿ ಜೋಡಿಸಿ ಹಗ್ಗ ಬಿಗಿಯುವುದಕ್ಕೆ ಕಾಸೂ ಖರ್ಚಿಲ್ಲ. ಒಂದು ಟ್ರಿಪ್ಪಿನ ಬದಲು ಎರಡು ಟ್ರಿಪ್ ಹೊಡೆದರೆ ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ನಿಜ. ಅದನ್ನು ದಂಡದ ಮೊತ್ತದ ಪಕ್ಕದಲ್ಲಿ ಬರೆದು ನೋಡಿ.

ವಾಹನವೆಂದರೆ ಪ್ರಾಣ ಬಿಡುವ ಹುಡುಗರನ್ನು ಬರೀ ಗದರಿಸಿ ಸುಮ್ಮನಾಗಿಸುವುದರಲ್ಲಿ ಅರ್ಥವಿಲ್ಲ. ಆ ಆಸಕ್ತಿಯೇ ಒಂದು ಬಂಡವಾಳ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ಡಿಪ್ಲೊಮಾ ಮೂರು ವರ್ಷದ್ದು. ಅಲ್ಲಿಂದ ಎಂಜಿನಿಯರಿಂಗಿಗೂ ದಾರಿಯಿದೆ. ಗಾಡಿ ಎತ್ತಿಸಲು ತೆಗೆದಿಟ್ಟ ಹಣ ಒಂದು ವರ್ಷದ ಶುಲ್ಕಕ್ಕೋ ಒಂದು ಒಳ್ಳೆಯ ಟೂಲ್ ಸೆಟ್ಟಿಗೋ ನೆರವಾದೀತು.

ಅಲ್ಲಿಯವರೆಗೆ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಪಿಕಪ್ ಇದ್ದರೆ, ಹಿಂದಿನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆಯಿರಿ. ಖಾಲಿ ಇದ್ದಾಗ ಒಮ್ಮೆ, ಹತ್ತು ಮೂಟೆ ಹೇರಿದಾಗ ಒಮ್ಮೆ, ಇಪ್ಪತ್ತು ಹೇರಿದಾಗ ಒಮ್ಮೆ. ಗ್ರಾಫ್ ಕಾಗದದ ಮೇಲೆ ಮೂರು ಚುಕ್ಕೆ ಇಟ್ಟು ಗೆರೆ ಎಳೆಯಿರಿ. ಗೆರೆ ನೇರವಾಗಿ ಬಂದರೆ ಹುಕ್ ಹೇಳಿದ್ದು ನಿಮ್ಮ ಅಂಗಳದಲ್ಲೇ ಸಾಬೀತಾಯಿತು. ಎಲ್ಲೋ ಬಾಗಿದರೆ ಯಾಕೆಂದು ಮೇಸ್ತ್ರಿಯನ್ನೂ ಕೇಳಿ, ಮೇಷ್ಟ್ರನ್ನೂ ಕೇಳಿ. ಇಬ್ಬರ ಉತ್ತರವನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.